ನಕ್ಕರೆ ಬೀಳುವವರು

ಜನವರಿ 11

ಮಂಪರು,

ಈ ಹೆಸರಿನಿಂದ ನಿನ್ನನ್ನು ಕರೆಯುವ ಸಲಿಗೆ ನನಗಿನ್ನೂ ಉಳಿದಿದೆಯೋ ಇಲ್ಲವೋ ಗೊತ್ತಿಲ್ಲ. ನಿನ್ನ ನಿಜವಾದ ಹೆಸರು ಬರೆದು ನೋಡಿದೆ. ಯಾರೋ ಅಪರಿಚಿತರಿಗೆ ಅರ್ಜಿ ಬರೆದ ಹಾಗಾಯಿತು. ಹರಿದು ಹಾಕಿ ಮತ್ತೆ ಶುರು ಮಾಡಿದ್ದೇನೆ. ವಿಳಾಸ ನಿನ್ನ ಅಕ್ಕನ ಮನೆಯದು. ಅವರು ಇನ್ನೂ ಅಲ್ಲೇ ಇದ್ದರೆ ನಿನಗೆ ತಲುಪಿಸಿಯಾರು.

ಇಪ್ಪತ್ತು ವರ್ಷ ಸುಮ್ಮನಿದ್ದು ಈಗ ಬರೆಯುವವಳು ಮೊದಲು ನಾಲ್ಕು ಕುಶಲದ ಮಾತಾದರೂ ಆಡಬೇಕು. ನನಗೆ ಅದು ಬರುವುದಿಲ್ಲ. ಕಡ್ಡಿ ಮುರಿದ ಹಾಗೆ ಮಾತಾಡುತ್ತಾಳೆಂದೇ ಅಲ್ಲವೇ ಪ್ರೆಸ್ಸಿನಲ್ಲಿ ನೀವೆಲ್ಲ ನನ್ನನ್ನು ಕಡ್ಡಿ ಎಂದು ಕರೆದದ್ದು? ಮೈಯೂ ಆಗ ಹಾಗೇ ಇತ್ತು. ಈಗ ಮಾತು ಮಾತ್ರ ಉಳಿದಿದೆ.

ನನಗೊಬ್ಬಳು ಮಗಳಿದ್ದಾಳೆ. ಹದಿನೈದು ತುಂಬಿದೆ. ನಡೆಯುವುದಕ್ಕಿಂತ ಮೊದಲು ಈಜಲು ಕಲಿತವಳು, ಅದಕ್ಕೇ ಎಲ್ಲರ ಬಾಯಲ್ಲೂ ಮೀನು. ಹೋದ ವರ್ಷ ಕೆಟ್ಟ ಜ್ವರ ಬಂದು ಮಲಗಿದಳು. ಜ್ವರ ಬಿಟ್ಟಿತು, ಮಲಗುವುದು ಬಿಡಲಿಲ್ಲ. ತರಗತಿಯಲ್ಲಿ ನಿದ್ದೆ, ಬಸ್ಸಿನಲ್ಲಿ ನಿದ್ದೆ, ಬಾಯಿಗಿಟ್ಟ ತುತ್ತು ಅಗಿಯುತ್ತಿರುವಾಗ ನಿದ್ದೆ. ಶಾಲೆಯವರು ಕರೆಸಿ, "ಮನೇಲಿ ಬೇಗ ಮಲಗ್ಸಿ" ಎಂದರು. ಅವಳ ಅಪ್ಪ ಫೋನ್ ಕಿತ್ತಿಟ್ಟುಕೊಂಡರು. ನಾನು ಬೈದೆ. ಬೈದದ್ದು ತಪ್ಪಾಯಿತೇನೋ ಎಂದು ಈಗ ಅನ್ನಿಸುತ್ತಿದೆ.

ಹೋದ ಶನಿವಾರ ಈಜುಕೊಳದ ಕಟ್ಟೆಯ ಮೇಲೆ ಅವಳ ಟವೆಲ್ ಹಿಡಿದು ಕೂತಿದ್ದೆ. ಪಕ್ಕದ ಹುಡುಗಿ ಏನೋ ಚೇಷ್ಟೆ ಮಾಡಿದಳು. ಇವಳು ನಕ್ಕಳು. ನಕ್ಕವಳು ಹಾಗೇ, ಕೈ ಕಾಲು ಬಡಿಯದೆ, ನೀರಿನೊಳಗೆ ಇಳಿದುಹೋದಳು. ಕಲಿಸುವವನು ಹಾರಿ ಎಳೆದು ತಂದ. ಅವಳು ಕೆಮ್ಮಿ ಕಣ್ಣು ಬಿಟ್ಟ ಮೇಲೆ, "ಇದೆಲ್ಲ ನಾಟಕ ನನ್ ಹತ್ರ ಬೇಡ" ಎಂದ. ಹಾಗೆಂದವನೇ ತನ್ನ ಟವೆಲನ್ನೂ ತಂದು ಅವಳಿಗೆ ಹೊದಿಸಿದ.

ಮನೆಗೆ ಬಂದ ಮೇಲೆ ಕೇಳಿದೆ, "ತಲೆ ಸುತ್ತಿತೇನೇ? ಪ್ರಜ್ಞೆ ತಪ್ಪಿತಾ?"

"ಇಲ್ಲಮ್ಮ. ಎಲ್ಲಾ ಗೊತ್ತಾಗ್ತಿತ್ತು. ಶಿಳ್ಳೆ ಹೊಡೆದಿದ್ದು ಕೇಳಿಸ್ತು. ಕೈ ಎತ್ತೋಣ ಅಂದ್ರೆ ಕೈ ನಂದಲ್ಲ ಅನ್ನೋ ಹಾಗಿತ್ತು."

ಕಟ್ಟೆಯ ಮೇಲೆ ಮಲಗಿಸಿದಾಗ ಅವಳ ಮುಖ ನೋಡಿದ್ದೆ, ಮಂಪರು. ದವಡೆ ಜೋತುಬಿದ್ದು, ರೆಪ್ಪೆ ಅರ್ಧ ಮುಚ್ಚಿ, ಕೆನ್ನೆ ಸಣ್ಣಗೆ ಅದುರುತ್ತಾ. ಆ ಮುಖ ನನಗೆ ಹೊಸದಲ್ಲ.

ಎರಡೇ ಪ್ರಶ್ನೆ. ನೀನು ಈಗಲೂ ನಕ್ಕರೆ ಬೀಳುತ್ತೀಯಾ? ಅದಕ್ಕೆ ಏನಾದರೂ ಹೆಸರಿದೆಯಾ?

ಉತ್ತರಿಸುವ ಮನಸ್ಸಾಗದಿದ್ದರೆ ಅರ್ಥ ಮಾಡಿಕೊಳ್ಳುತ್ತೇನೆ.

ಕಡ್ಡಿ


ಜನವರಿ 29

ಕಡ್ಡಿ,

ಬೀಳುತ್ತೇನೆ. ಹೆಸರಿದೆ.

ನಾರ್ಕೊಲೆಪ್ಸಿ ಎನ್ನುತ್ತಾರೆ. ಅದರೊಳಗೆ, ನಕ್ಕಾಗ ಮೈ ಬಿಟ್ಟುಹೋಗುವುದಕ್ಕೆ ಕ್ಯಾಟಪ್ಲೆಕ್ಸಿ. ಊರಿನಲ್ಲಿ ನಿದ್ರೆಯ ಕಾಯಿಲೆ ನೋಡುವ ನರರೋಗದ ಡಾಕ್ಟರು ಎಲ್ಲಿದ್ದಾರೆಂದು ವಿಚಾರಿಸಿ ಅವಳನ್ನು ಕರೆದುಕೊಂಡು ಹೋಗು. ಬರೀ "ಸುಸ್ತು" ಎನ್ನಬೇಡ. "ನಕ್ಕಾಗ ಬೀಳ್ತಾಳೆ, ಆದ್ರೆ ಎಚ್ಚರ ಇರತ್ತೆ" ಎನ್ನು, ಇದೇ ಮಾತು. ಅಲ್ಲಿಯವರೆಗೆ ನೀರಿಗೆ ಬಿಡಬೇಡ. ಒಲೆಯ ಮುಂದೆ ಒಬ್ಬಳೇ ನಿಲ್ಲುವುದು ಬೇಡ. ಮಧ್ಯಾಹ್ನ ಅರ್ಧ ಗಂಟೆ ಮಲಗಲು ಬಿಡು. ಬೈಯಬೇಡ. ಬೈದದ್ದಕ್ಕೆ ಕೊರಗಲೂ ಬೇಡ, ನಮ್ಮಮ್ಮನೂ ಬೈದವಳೇ, ಪ್ರೆಸ್ಸಿನ ಯಜಮಾನರೂ ಬೈದವರೇ. ಮಂಪರು ಎಂಬ ಹೆಸರು ಬಂದದ್ದು ಅಲ್ಲಿಂದಲೇ ತಾನೆ.

ನನಗೆ ಗೊತ್ತಾದದ್ದು ನಲವತ್ತರ ಹತ್ತಿರ, ಅದೂ ಹಲ್ಲಿನ ಡಾಕ್ಟರಿಂದ. ಹುಳುಕು ಹಲ್ಲಿಗೆ ಸಿಮೆಂಟು ತುಂಬಿಸಲು ಹೋಗಿದ್ದೆ. ಆ ಮನುಷ್ಯ ತಮಾಷೆಯವನು. ನನ್ನ ಬಾಯೊಳಗೆ ಕನ್ನಡಿ ಇಟ್ಟುಕೊಂಡೇ, "ಈ ಹಲ್ಲು ಬಾಡಿಗೆ ಕೊಡದೆ ಕೂತಿರೋ ಬಾಡಿಗೆದಾರನ ಹಾಗಿದೆ, ಖಾಲಿ ಮಾಡ್ಸೋದೇ ಕಷ್ಟ" ಎಂದ. ಅಷ್ಟೇ. ದವಡೆ ಬಿತ್ತು, ಕತ್ತು ಬಿತ್ತು, ಕೈ ಕುರ್ಚಿಯಿಂದ ಜೋತುಬಿತ್ತು. ಪಾಪ, ಮರಗಟ್ಟಿಸಲು ಚುಚ್ಚಿದ ಔಷಧಿ ಹೆಚ್ಚಾಯಿತೆಂದು ಹೆದರಿ ನರ್ಸನ್ನು ಕೂಗಿದ. ನಾನು ಒಳಗೇ, "ಏನಿಲ್ಲ ಡಾಕ್ಟ್ರೇ, ನಗ್ತಿದೀನಿ" ಎನ್ನುತ್ತಿದ್ದೆ. ಹೊರಗೆ ಬರಬೇಕಲ್ಲ! ಸರಿಹೋದ ಮೇಲೆ ಹತ್ತಾರು ಪ್ರಶ್ನೆ ಕೇಳಿ, ಚೀಟಿ ಬರೆದು ನರರೋಗದವರ ಹತ್ತಿರ ಕಳಿಸಿದ.

ಅಲ್ಲಿ ತಿಳಿದದ್ದನ್ನು ಹೇಳುತ್ತೇನೆ. ಮಿದುಳಿನ ಬುಡದಲ್ಲಿ ಬಾದಾಮಿಯಷ್ಟು ಒಂದು ಜಾಗವಿದೆ. ಅಲ್ಲಿನ ಕೆಲವು ಕೋಶಗಳು ಒರೆಕ್ಸಿನ್ ಎಂಬುದನ್ನು ತಯಾರಿಸುತ್ತವೆ. ಅದೊಂದು ಪೆಪ್ಟೈಡ್, ಅಂದರೆ ಚಿಕ್ಕ ಸರದ ಹಾಗೆ ಪೋಣಿಸಿದ ವಸ್ತು. ಇನ್ಸುಲಿನ್ ಇದೆಯಲ್ಲ, ಅದೇ ಜಾತಿ. ಇದರ ಕೆಲಸ ಸುದ್ದಿ ಮುಟ್ಟಿಸುವುದು. "ಎಚ್ಚರವಾಗಿರು, ಎಚ್ಚರವಾಗಿರು" ಎಂದು ಹಗಲೆಲ್ಲ ಮಿದುಳಿನ ಉಳಿದ ಭಾಗಗಳಿಗೆ ಹೇಳುತ್ತಲೇ ಇರುತ್ತದೆ. ಹಸಿವಿಗೂ ಅದಕ್ಕೂ ನಂಟಿದೆ, ಆ ಹೆಸರು ಬಂದದ್ದೇ ಹಸಿವೆಂಬ ಅರ್ಥದಿಂದಂತೆ. ನನ್ನಂಥವರಲ್ಲಿ ಆ ಕೋಶಗಳು ಸತ್ತುಹೋಗಿರುತ್ತವೆ. ಯಾವುದೋ ಜ್ವರದ ಸಮಯದಲ್ಲಿ ರೋಗದ ಮೇಲೆ ಯುದ್ಧಕ್ಕೆ ಹೊರಟ ನಮ್ಮದೇ ಮೈ, ತಪ್ಪಿ ಅವುಗಳನ್ನೂ ಕೊಂದುಬಿಡುತ್ತದೆ ಎಂದು ಊಹೆ.

ಬೀಳುವುದೇಕೆಂದರೆ, ಕನಸು ಕಾಣುವಾಗ ಎಲ್ಲರ ಮೈಯೂ ಸಡಿಲವಾಗಿರುತ್ತದಂತೆ, ಇಲ್ಲದಿದ್ದರೆ ಕನಸಿನಲ್ಲಿ ಓಡುವವರು ಮಂಚದಿಂದ ಎದ್ದು ಓಡುತ್ತಿದ್ದರು. ಒರೆಕ್ಸಿನ್ ಇಲ್ಲದವರಲ್ಲಿ ಆ ಸಡಿಲಿಕೆ ಹಗಲಿಗೂ ನುಗ್ಗುತ್ತದೆ. ಜೋರಾಗಿ ನಗು ಬಂದರೆ ಸಾಕು, ಬಾಗಿಲು ತೆರೆಯಿತು. ಮೈ ಮಲಗುತ್ತದೆ, ನಾವು ಎದ್ದೇ ಇರುತ್ತೇವೆ.

ಹೆದರಬೇಡ. ಇದರಿಂದ ಯಾರೂ ಸಾಯುವುದಿಲ್ಲ, ನೀರು, ಬೆಂಕಿ, ರಸ್ತೆಯ ಹತ್ತಿರ ಎಚ್ಚರವಿದ್ದರೆ. ಔಷಧಿ ಇದೆ.

ನಿನ್ನ ಕಾಗದ ನೋಡಿದಾಗಿನಿಂದ ಆ ಕರಡು ತಿದ್ದುವ ಕೋಣೆ ಕಣ್ಣಮುಂದೆ ನಿಂತಿದೆ. ಮೆಟ್ಟಿಲ ಕೆಳಗೆ, ಇಳಿಜಾರು ಮೇಜು, ಗೋಡೆಯ ಆಚೆ ದಡಬಡ ಮುದ್ರಣ ಯಂತ್ರ, ಎಲ್ಲದರ ಮೇಲೂ ಮಸಿಯ ವಾಸನೆ. ನಾನು ಹಸ್ತಪ್ರತಿ ಗಟ್ಟಿಯಾಗಿ ಓದುವುದು, ನೀನು ಕರಡಿನ ಮೇಲೆ ಗುರುತು ಹಾಕುವುದು. ಹೊಲಿಗೆ ಯಂತ್ರದ ಕೈಪಿಡಿ ನೆನಪಿದೆಯಾ? ನಿದ್ದೆಯಲ್ಲೇ ಓದು ಮುಂದುವರಿಸಿ, "ಸೂಜಿಗೆ ದಾರ ಪೋಣಿಸುವ ಮುನ್ನ ಆನೆಯನ್ನು ಪಕ್ಕಕ್ಕೆ ಸರಿಸಿ" ಎಂದಿದ್ದೆನಲ್ಲ. ನೀನು ಗಂಭೀರವಾಗಿ, "ಗಂಡಾನೆಯೋ ಹೆಣ್ಣಾನೆಯೋ?" ಎಂದು ಕೇಳಿದೆ. ನಾನು ಮೇಜಿನ ಕೆಳಗೆ ಹೋದೆ. ನಿದ್ದೆಯಲ್ಲಿ ಕೈಬಾಯಿ ತಾವೇ ಕೆಲಸ ಮುಂದುವರಿಸುವುದೂ ಈ ಕಾಯಿಲೆಯ ಲಕ್ಷಣವಂತೆ. ಆನೆಗೂ ಒಂದು ಕಾರಣವಿತ್ತು ನೋಡು.

ಡಾಕ್ಟರು ಏನೆಂದರು ಬರಿ. ಫೋನ್ ನಂಬರ್ ಕೇಳಬೇಡ. ನಿನ್ನ ದನಿ ಕೇಳಿದರೆ ಕೂತ ಕುರ್ಚಿಯಿಂದ ಬೀಳುತ್ತೇನೆ.

ಮಂಪರು


ಮಾರ್ಚ್ 16

ಮಂಪರು,

ನೀನು ಹೇಳಿದ್ದೇ ನಿಜವಾಯಿತು.

ಒಂದು ರಾತ್ರಿ ಆಸ್ಪತ್ರೆಯಲ್ಲೇ ಮಲಗಿಸಿದರು. ತಲೆ ತುಂಬ ವೈರು ಅಂಟಿಸಿದ್ದರು, ರಿಪೇರಿಗೆ ಬಿಚ್ಚಿಟ್ಟ ರೇಡಿಯೋ ಹಾಗೆ ಕಾಣುತ್ತಿದ್ದಳು. ಮಾರನೇ ದಿನ ಹಗಲಿನಲ್ಲಿ ಮತ್ತೆ ಮತ್ತೆ ಮಲಗಿಸಿ ನೋಡಿದರು. ಮಲಗಿದ ಕೂಡಲೇ ನಿದ್ದೆ, ನಿದ್ದೆ ಬಂದ ಕೂಡಲೇ ಕನಸು. ಆಮೇಲೆ ಬೆನ್ನುಹುರಿಯ ನೀರು ತೆಗೆದು ಪರೀಕ್ಷೆಗೆ ಕಳಿಸಿದರು. ಒರೆಕ್ಸಿನ್ ಇಲ್ಲವೆನ್ನುವಷ್ಟು ಕಡಿಮೆ. ಡಾಕ್ಟರಮ್ಮ ಅದನ್ನು ಹೇಳಿದಾಗ ಇವರು ಜೇಬಿನಿಂದ ಮಗಳ ಫೋನ್ ತೆಗೆದು ಅವಳ ಕೈಗಿಟ್ಟರು. ಅಷ್ಟು ದಿನ ಜೇಬಿನಲ್ಲೇ ಇಟ್ಟುಕೊಂಡು ತಿರುಗುತ್ತಿದ್ದರೆಂದು ನನಗೂ ಗೊತ್ತಿರಲಿಲ್ಲ.

ಮೀನು ಕೇಳಿದಳು, "ಸಕ್ಕರೆ ಕಾಯಿಲೆಯವ್ರಿಗೆ ಇನ್ಸುಲಿನ್ ಕೊಡ್ತೀರಲ್ಲ, ನಂಗೂ ಒರೆಕ್ಸಿನ್ನೇ ಕೊಟ್ಬಿಡಿ." ಡಾಕ್ಟರಮ್ಮನಿಗೆ ಖುಷಿಯಾಯಿತು. "ಒಳ್ಳೇ ಪ್ರಶ್ನೆ. ನುಂಗಿದ್ರೆ ಹೊಟ್ಟೇಲೇ ಜೀರ್ಣ ಆಗ್ಬಿಡತ್ತೆ. ಸೂಜಿ ಚುಚ್ಚಿದ್ರೂ ರಕ್ತದಿಂದ ಮಿದುಳಿನೊಳಗೆ ಸರಿಯಾಗಿ ದಾಟಲ್ಲ. ಅದರ ಕೆಲಸಾನ ಅನುಕರಿಸೋ ಗುಳಿಗೆಗಳ ಮೇಲೆ ಸಂಶೋಧನೆ ನಡೀತಿದೆ. ಅಲ್ಲೀವರೆಗೆ ಬೇರೆ ದಾರಿ" ಎಂದರು. ಬೆಳಿಗ್ಗೆ ಎಚ್ಚರಕ್ಕೊಂದು, ಬೀಳುವುದಕ್ಕೊಂದು ಗುಳಿಗೆ ಬರೆದುಕೊಟ್ಟಿದ್ದಾರೆ. ಶಾಲೆಗೂ ಪತ್ರ ಕೊಟ್ಟರು. ಮಧ್ಯಾಹ್ನ ಸಂಗೀತದ ಕೋಣೆಯಲ್ಲಿ ಚಾಪೆ ಹಾಸಿ ಮಲಗಲು ಬಿಡುತ್ತಾರೆ.

ನಿದ್ದೆ ಎಷ್ಟೋ ಸುಧಾರಿಸಿದೆ. ನನಗೆ ಚಿಂತೆ ಬೇರೆಯದು. ಅವಳು ನಗುವುದನ್ನು ಬಿಟ್ಟಿದ್ದಾಳೆ. ಗೆಳತಿಯರು ಬಂದರೆ ತಲೆನೋವು ಎಂದು ಬಾಗಿಲು ಹಾಕಿಕೊಳ್ಳುತ್ತಾಳೆ. ಊಟಕ್ಕೆ ಕೂತಾಗ ಅವಳ ಅಪ್ಪ ಏನಾದರೂ ತಮಾಷೆ ಮಾಡಿದರೆ ಕೆನ್ನೆಯನ್ನು ಒಳಗಿನಿಂದ ಕಚ್ಚಿ ಹಿಡಿಯುತ್ತಾಳೆ, ನಾನು ನೋಡಿದ್ದೇನೆ. ಈಗ ಅವರೂ ತಮಾಷೆ ನಿಲ್ಲಿಸಿದ್ದಾರೆ. ಮೂವರೂ ತಟ್ಟೆ ನೋಡಿಕೊಂಡು ಉಣ್ಣುತ್ತೇವೆ.

ಆಗ ನಾವು ಎಷ್ಟು ನಗುತ್ತಿದ್ದೆವು! ಆ ಕೋಣೆಯಲ್ಲಿ ನಗುವಂಥದ್ದು ಏನಿತ್ತು ಎಂದು ಎಷ್ಟು ಯೋಚಿಸಿದರೂ ಹೊಳೆಯುವುದಿಲ್ಲ. ನಿನಗೆ ನಗು ಬರುವುದು ನನಗೆ ಮೊದಲೇ ತಿಳಿಯುತ್ತಿತ್ತು, ಓದುತ್ತಿದ್ದ ದನಿ ತುದಿಯಲ್ಲಿ ಒದ್ದೆಯಾಗುತ್ತಿತ್ತು. ತಕ್ಷಣ ನಿನ್ನ ಕುತ್ತಿಗೆಯ ಪಟ್ಟಿ ಹಿಡಿದುಕೊಳ್ಳುತ್ತಿದ್ದೆ. ಅದು ಕಾಯಿಲೆ ಎಂದು ಒಮ್ಮೆಯೂ ಅನ್ನಿಸಲಿಲ್ಲ ನೋಡು. ನೀನು ಇರುವುದೇ ಹಾಗೆ ಎಂದುಕೊಂಡಿದ್ದೆ.

ನೀನು ಹೇಗೆ ಬದುಕಿದೆ ಮಂಪರು, ಇಷ್ಟು ವರ್ಷ? ಅವಳಿಗೆ ಹೇಳಲು ನನಗೇನೂ ಗೊತ್ತಿಲ್ಲ.

ಅವಳು ಅಂದು "ಎಲ್ಲಾ ಗೊತ್ತಾಗ್ತಿತ್ತು, ಶಿಳ್ಳೆ ಹೊಡೆದಿದ್ದು ಕೇಳಿಸ್ತು" ಎಂದಾಗಿನಿಂದ ಇನ್ನೊಂದು ಪ್ರಶ್ನೆಯೂ ಇದೆ. ಅದನ್ನು ಕೇಳುವುದು ನನ್ನಿಂದ ಆಗುತ್ತಿಲ್ಲ.

ಕಡ್ಡಿ


ಏಪ್ರಿಲ್ 8

ಕಡ್ಡಿ,

ಮೊದಲ ಪ್ರಶ್ನೆಗೆ ಮೊದಲು.

ಪ್ರೆಸ್ಸು ಮುಚ್ಚಿದ ಮೇಲೆ ಮನೆಯಲ್ಲೇ ಕರಡು ತಿದ್ದುತ್ತೇನೆ. ಹುಡುಕಿ ಹುಡುಕಿ ನೀರಸವಾದದ್ದನ್ನು ಆರಿಸಿಕೊಂಡಿದ್ದೇನೆ: ರೈಲಿನ ವೇಳಾಪಟ್ಟಿ, ಕಾನೂನಿನ ವರದಿ, ಟೆಲಿಫೋನ್ ಕಂಪನಿಯ ಷರತ್ತುಗಳು. ಅವುಗಳಲ್ಲಿ ನಗು ಬರುವ ಅಪಾಯವಿಲ್ಲ. ಮೊದಲ ಮಹಡಿಯ ಮನೆ ಬಿಟ್ಟು ನೆಲಮಹಡಿಗೆ ಬಂದೆ. ಮದುವೆಯ ಮಾತು ಎರಡು ಸಲ ಬಂದಿತ್ತು. ಒಬ್ಬ ತೀರಾ ತಮಾಷೆಯವನು, ಬೇಡವೆಂದೆ. ಇನ್ನೊಬ್ಬನಿಗೆ ತಮಾಷೆ ಎಂದರೇನೆಂದೇ ಗೊತ್ತಿರಲಿಲ್ಲ, ಅವನೂ ಬೇಡವೆಂದೆ. ಅಕ್ಕನ ಮಕ್ಕಳು ಚಿಕ್ಕವರಿದ್ದಾಗ ಅವರ ಜೊತೆ ಆಡಲು ಹೆದರುತ್ತಿದ್ದೆ. ದೊಡ್ಡವರಾದ ಮೇಲೆ ಅವರಿಗೆ ನಾನು ಸಿಡುಕಿ ಚಿಕ್ಕಮ್ಮ. ಸಪ್ಪೆ ಬದುಕು, ಆದರೆ ಮೂಳೆ ಮುರಿದುಕೊಂಡಿಲ್ಲ. ಇದನ್ನು ಹುಡುಗಿಗೆ ಹೇಳಬೇಕೋ ಬೇಡವೋ ನೀನೇ ನೋಡು.

ಇನ್ನು, ನಿನ್ನಿಂದ ಕೇಳಲಾಗದ ಪ್ರಶ್ನೆ.

ಕೇಳಿಸಿತ್ತು ಕಣೇ.

ನೀನು ಹೆರಿಗೆಯಾಗಿ, ಕೂಸನ್ನು ಕಳೆದುಕೊಂಡು, ಮತ್ತೆ ಕೆಲಸಕ್ಕೆ ಬಂದ ಮೊದಲ ದಿನ. ಊಟದ ಹೊತ್ತಿನಲ್ಲಿ ನನ್ನನ್ನು ಕಾಗದದ ಗೋದಾಮಿಗೆ ಕರೆದುಕೊಂಡು ಹೋದೆ. ಕಾಗದದ ಕಟ್ಟುಗಳ ಮೇಲೆ ಕೂತೆವು. ಅಲ್ಲಿಯವರೆಗೆ ನೀನು ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. "ನರ್ಸ್ ಅವಳನ್ನ ನನ್ ಕೈಗೆ ಕೊಟ್ಟಾಗ..." ಎಂದು ಶುರು ಮಾಡಿದೆ. "ಅವಳನ್ನ" ಎಂದೆಯಲ್ಲ, ಹೆಣ್ಣು ಕೂಸೆಂದು ನನಗೆ ಗೊತ್ತಾದದ್ದು ಆಗಲೇ. ನನ್ನನ್ನು ಬೀಳಿಸುವುದು ನಗು ಮಾತ್ರವಲ್ಲ, ಅಪರೂಪಕ್ಕೆ ದುಃಖವೂ. ಆಗ ನನಗೇ ಅದು ತಿಳಿದಿರಲಿಲ್ಲ. ಗದ್ದ ಎದೆಗೆ ಬಿತ್ತು. ಕಣ್ಣು ಮುಚ್ಚಿಕೊಂಡಿತು.

ನಿನ್ನ ಮಾತು ನಿಂತಿತು. ನೀನು ಸ್ವಲ್ಪ ಹೊತ್ತು ಕಾದೆ. ಆಮೇಲೆ ಅಂದೆ, "ಮಲಗು. ನಿಂಗೆ ಗೊತ್ತಿರೋದು ಅದೊಂದೇ." ಬಾಗಿಲು ತೆರೆದದ್ದು ಕೇಳಿಸಿತು, ಚಪ್ಪಲಿಯ ಸದ್ದು ಕೇಳಿಸಿತು. ಎದ್ದು ಓಡಿಬರಬೇಕೆಂದು ಒಳಗೇ ಎಷ್ಟು ಎಳೆದಾಡಿದೆನೋ. ಕೈ ನನ್ನದಲ್ಲ ಅನ್ನುವ ಹಾಗಿತ್ತು, ನಿನ್ನ ಮಗಳು ಹೇಳಿದ್ದು ಅಕ್ಷರಶಃ ನಿಜ. ಮೈ ಬಂದಾಗ ನೀನು ಹೊರಟುಹೋಗಿದ್ದೆ. ಮಾರನೇ ದಿನ ಬರಲಿಲ್ಲ. ನಿನ್ನ ಗಂಡನಿಗೆ ಬೇರೆ ಊರಿಗೆ ವರ್ಗವಾಯಿತೆಂದು ಯಜಮಾನರು ಹೇಳಿದರು.

ಏನೆಂದು ವಿವರಿಸಲಿ? ನನಗೇ ಗೊತ್ತಿಲ್ಲದ ಕಾಯಿಲೆ. "ಮಲಗಿರಲಿಲ್ಲ" ಎಂದಿದ್ದರೆ ಯಾರು ನಂಬುತ್ತಿದ್ದರು?

ಗುಳಿಗೆಯ ಹೊತ್ತಾಯಿತು, ನಿಲ್ಲಿಸುತ್ತೇನೆ.

ಮಂಪರು


ಮೇ 20

ಮಂಪರು ಚಿಕ್ಕಮ್ಮನಿಗೆ,

ನಾನು ಮೀನು. ಮೊದಲು "ಆಂಟಿ" ಅಂತ ಬರೆದಿದ್ದೆ. ಅಮ್ಮ ಹಿಂದಿನಿಂದ ಬಂದು ನೋಡಿ, "ಆಂಟಿ ಅಂದ್ರೆ ಯಾರು? ಚಿಕ್ಕಮ್ಮ ಅಂತ ಬರಿ" ಅಂದಳು. ತಿದ್ದಿದ್ದೇನೆ.

ಅಮ್ಮ ನಿಮಗೆ ಬರೆಯುತ್ತಿಲ್ಲ ಅಂತ ನಾನು ಬರೆಯುತ್ತಿದ್ದೇನೆ. ಏಪ್ರಿಲ್‌ನಲ್ಲಿ ನಿಮ್ಮ ಪತ್ರ ಬಂದ ದಿನ ಅವಳು ಅಡುಗೆಮನೆಯಲ್ಲಿ ನಲ್ಲಿ ಬಿಟ್ಟು ಹಾಗೇ ನಿಂತುಬಿಟ್ಟಿದ್ದಳು. ಪಾತ್ರೆ ತುಂಬಿ ಹರಿದು ನೆಲವೆಲ್ಲ ನೀರು. ಅಪ್ಪ ಬಂದು ನಿಲ್ಲಿಸಿದರು. ಆಮೇಲೆ ಅವಳು ನನಗೆ ನೀವು ಬರೆದದ್ದನ್ನು ಓದಿ ಹೇಳಿದಳು. ನನಗಿಂತ ಮೊದಲು ಒಬ್ಬ ಅಕ್ಕ ಇದ್ದಳು ಅನ್ನುವುದು ನನಗೆ ಗೊತ್ತಾದದ್ದೇ ಆಗ.

ಅಮ್ಮ ದಿನಾ ಬರೆಯಲು ಕೂರುತ್ತಾಳೆ. "ಪ್ರಿಯ" ಅಂತ ಬರೆದು ಪೆನ್ನಿನ ಮುಚ್ಚಳ ಹಾಕುತ್ತಾಳೆ.

ಈಗ ನನ್ನ ವಿಷಯ. ಬೇಜಾರು ಮಾಡ್ಕೋಬೇಡಿ. ನಿಮ್ಮ ಹಾಗೆ ಬದುಕಲು ನನಗಿಷ್ಟ ಇಲ್ಲ. ನೀವು ಸಪ್ಪೆ ಅಂತ ನೀವೇ ಬರೆದಿದ್ದೀರಿ, ನಾನು ಅಂದದ್ದಲ್ಲ. ನಾನೂ ನಗು ತಡೆಯಲು ಕಲಿತಿದ್ದೇನೆ. ಗಣಿತದ ಮೇಡಂ ಉಗುರು ಕತ್ತರಿಸಿಕೊಳ್ಳುವುದನ್ನು ನೆನೆಸಿಕೊಂಡರೆ ನಗು ನಿಂತುಹೋಗುತ್ತದೆ. ಆದರೆ ಈಗ ನನಗೆ ಜಂಬ ಬಂದಿದೆ ಅಂತ ಗೆಳತಿಯರು ಮಾತಾಡಿಕೊಳ್ಳುತ್ತಾರೆ. ಅವರಿಗೆ ಏನಂತ ಹೇಳಲಿ? "ನೀವು ಚೆನ್ನಾಗಿ ತಮಾಷೆ ಮಾಡ್ತೀರ, ಅದಕ್ಕೇ ನಿಮ್ಮ ಜೊತೆ ಇರಲ್ಲ" ಅಂತಲಾ?

ಇಪ್ಪತ್ತು ವರ್ಷ ನಗದೇ ಇದ್ದಿರಾ? ನಿಜವಾಗಲೂ? ಬೀಳುವ ಹೆದರಿಕೆಗೆ ಮಾತ್ರಾನಾ?

ಉತ್ತರ ಬೇಗ ಬರೆಯಿರಿ. ಇಲ್ಲಿ ಕಾಯುವವರು ಇಬ್ಬರಿದ್ದಾರೆ.

ಮೀನು


ಜೂನ್ 5

ಮೀನು,

ಬೇಜಾರಿಲ್ಲ. ನೀನು ಕಡ್ಡಿಯ ಮಗಳೆಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಿಲ್ಲ.

ಬೀಳುವ ಹೆದರಿಕೆ ಎಂದೇ ಎಲ್ಲರಿಗೂ ಹೇಳುತ್ತಾ ಬಂದೆ. ನೀನು ಕೇಳಿದ ಮೇಲೆ ಕೂತು ಯೋಚಿಸಿದೆ. ನಿಮ್ಮಮ್ಮನ ಪಕ್ಕ ಕೂತು ಕೆಲಸ ಮಾಡುತ್ತಿದ್ದಾಗ ನಾನು ಲೆಕ್ಕವಿಲ್ಲದಷ್ಟು ಸಲ ಬಿದ್ದಿದ್ದೇನೆ, ಹೆದರಿಕೆಯೇ ಇರಲಿಲ್ಲ. ಅವಳು ಬಲಗೈಯಲ್ಲಿ ಕರಡಿನ ಮೇಲೆ ಗುರುತು ಹಾಕುತ್ತಾ ಎಡಗೈಯಲ್ಲಿ ನನ್ನ ಅಂಗಿಯ ಪಟ್ಟಿ ಹಿಡಿದು, ಬೆಕ್ಕು ಮರಿಯನ್ನು ಎತ್ತಿಕೊಂಡ ಹಾಗೆ ಹಿಡಿದಿರುತ್ತಿದ್ದಳು. ಯಾರಾದರೂ ಬಂದರೆ, "ಏನಿಲ್ಲ, ಅವಳ ಸೂಜಿ ಬಿದ್ದೋಗಿದೆ, ಹುಡುಕ್ತಿದಾಳೆ" ಎನ್ನುತ್ತಿದ್ದಳು. ಪ್ರೆಸ್ಸಿನಲ್ಲಿ ಸೂಜಿ ಯಾಕಿರುತ್ತದೆ ಎಂದು ಒಬ್ಬರೂ ಕೇಳಲಿಲ್ಲ.

ಅವಳು ಹೋದ ಮೇಲೆ ಹಿಡಿಯುವವರಿರಲಿಲ್ಲ. ಆಗ ಹೆದರಿಕೆ ಶುರುವಾಯಿತು. ಅದಕ್ಕಿಂತ ನಿಜವಾದ ಮಾತೆಂದರೆ, ಅಪರೂಪಕ್ಕೊಮ್ಮೆ ಆ ಹಲ್ಲಿನ ಡಾಕ್ಟರಂಥವರು ನಗಿಸಿದ್ದು ಬಿಟ್ಟರೆ, ನಗು ಬರುವುದೇ ನಿಂತಿತು. ಬಾರದೆ ಇದ್ದದ್ದನ್ನು ತಡೆದೆನೆಂದು ಹೇಳಿಕೊಳ್ಳುತ್ತಾ ಬಂದೆ.

ಆದ್ದರಿಂದ ನನ್ನ ಬದುಕನ್ನು ನೋಡಿ ಪಾಠ ಕಲಿಯಬೇಡ. ಗೆಳತಿಯರಲ್ಲಿ ಒಬ್ಬಳನ್ನು ಕರೆದು ಎಲ್ಲ ಹೇಳು. ಒಬ್ಬಳು ಸಾಕು. ಬಿದ್ದಾಗ ಕೂಗಬೇಡ, ನೀರೆರಚಬೇಡ, ತಲೆ ಹಿಡಿದುಕೊ, ಮಾತಾಡುತ್ತಾ ಇರು, ಎಲ್ಲ ಕೇಳಿಸುತ್ತದೆ ಎನ್ನು. ಉಳಿದವರಿಗೆ ಅವಳೇ ಹೇಳುತ್ತಾಳೆ. ಗುಳಿಗೆ ತಪ್ಪಿಸಬೇಡ. ನೀರಿಗೆ ಯಾವಾಗ ಇಳಿಯಬಹುದೆಂದು ಡಾಕ್ಟರಮ್ಮನನ್ನೇ ಕೇಳು. ಅವರು ಬೇಡವೆಂದರೆ ಬೇಡ.

ನಿನ್ನ ಅಮ್ಮನಿಗೆ ಹೇಳು, "ಪ್ರಿಯ" ಬರೆದ ಹಾಳೆಗಳನ್ನೇ ಕಳಿಸಲಿ. ಮುಂದಿನದು ನಾನು ಓದಿಕೊಳ್ಳುತ್ತೇನೆ.

ಸಪ್ಪೆ ಚಿಕ್ಕಮ್ಮ


ಜುಲೈ 14

ಪ್ರಿಯ ಮಂಪರು,

ಮುಂದೆ ಬರೆಯಲು ಈಗಲೂ ಬರುತ್ತಿಲ್ಲ. ಬೇರೆಯ ಸುದ್ದಿ ಬರೆಯುತ್ತೇನೆ.

ಮೀನು ಅಂದು ಈಜುಕೊಳದಲ್ಲಿ ಚೇಷ್ಟೆ ಮಾಡಿದ ಹುಡುಗಿಯನ್ನೇ ಮನೆಗೆ ಕರೆದಳು. ಪಾಪ, ತನ್ನಿಂದಲೇ ಹೀಗಾಯಿತೆಂದು ಆ ಹುಡುಗಿ ಆರು ತಿಂಗಳಿಂದ ಕೊರಗುತ್ತಿದ್ದಳಂತೆ. ಕೋಣೆಯೊಳಗೆ ಇಬ್ಬರೂ ಅತ್ತರು. ಆಮೇಲೆ ಧಡ್ ಎಂದು ಸದ್ದಾಯಿತು. ನಾನು ಓಡಿದೆ. ಮೀನು ನೆಲದ ಮೇಲಿದ್ದಳು, ಆ ಹುಡುಗಿ ಅವಳ ತಲೆ ಹಿಡಿದುಕೊಂಡು, "ಆಂಟಿ, ಕೂಗ್ಬಾರ್ದಂತೆ, ನೀರು ಹಾಕ್ಬಾರ್ದಂತೆ" ಎಂದು ನನ್ನನ್ನೇ ಗದರಿದಳು. ನಾನು ಅಡುಗೆಮನೆಗೆ ಬಂದು ಸ್ಟೂಲಿನ ಮೇಲೆ ಕೂತು ಅತ್ತೆ. ಯಾವುದಕ್ಕೆ ಎಂದು ಕೇಳಬೇಡ.

ಡಾಕ್ಟರಮ್ಮ ಎದೆಮಟ್ಟದ ನೀರಿಗೆ ಒಪ್ಪಿದ್ದಾರೆ. ತೇಲುವ ಅಂಗಿ ಹಾಕಿರಬೇಕು, ಕೈಯಳತೆಯಲ್ಲಿ ಒಬ್ಬರಿರಬೇಕು. ಸ್ಪರ್ಧೆಯ ಆಸೆ ಬಿಡಬೇಕು ಎಂದೂ ಹೇಳಿದರು. ಆ ದಿನ ಮೀನು ಬಹಳ ಅತ್ತಳು. ಕಲಿಸುವವನು ಮನೆಗೇ ಬಂದಿದ್ದ. "ನಾನಿರ್ತೀನಿ ಪಕ್ಕದಲ್ಲಿ" ಎಂದ. ಅಷ್ಟೇ ಹೇಳಿದ, ಚಹಾ ಕುಡಿದು ಹೋದ.

ಆಗಸ್ಟ್‌ನಲ್ಲಿ ಇಲ್ಲಿ ಬಿಸಿಲಿರುವುದಿಲ್ಲ. ನಮ್ಮದು ನೆಲಮಹಡಿಯ ಮನೆ. ಕೋಣೆ ಖಾಲಿ ಮಾಡಿಟ್ಟಿದ್ದೇನೆ. ರೈಲಿನ ವೇಳೆ ನಿನಗೆ ನಾನು ಹೇಳಬೇಕಾಗಿಲ್ಲ.

ಬಾ.

ಕಡ್ಡಿ


ಆಗಸ್ಟ್ 30

ಪ್ರಿಯ ಕಡ್ಡಿ,

ಮನೆ ತಲುಪಿ ವಾರವಾಯಿತು. ಬರೆಯುವುದು ಬೇಕೆಂದೇ ತಡ ಮಾಡಿದೆ, ನಿನ್ನೆ ನನ್ನ ಡಾಕ್ಟರನ್ನು ಕಾಣುವ ದಿನವಿತ್ತು. ಯಾಕೆಂದು ಕೊನೆಗೆ ಹೇಳುತ್ತೇನೆ.

ನಿಲ್ದಾಣದಲ್ಲಿ ನಾವಿಬ್ಬರೂ ಒಬ್ಬರನ್ನೊಬ್ಬರು ದಾಟಿಕೊಂಡು ಹೋದದ್ದನ್ನು ನೆನೆಸಿಕೊಂಡರೆ ಈಗಲೂ ಮೊಣಕಾಲು ಸಡಿಲವಾಗುತ್ತದೆ. ನಾನು ಸಣ್ಣಗಿರುವವಳನ್ನು ಹುಡುಕುತ್ತಿದ್ದೆ, ನೀನೂ ಸಣ್ಣಗಿರುವವಳನ್ನು. ಮೀನು ಇಲ್ಲದಿದ್ದರೆ ನಾನು ಅದೇ ರೈಲಿನಲ್ಲಿ ವಾಪಸ್ಸು ಬರುತ್ತಿದ್ದೆ.

ಮೂರು ದಿನ ನಾವು ಮಾತಾಡದ ವಿಷಯ ಒಂದೇ. ನೀನು ತರಕಾರಿ ಹೆಚ್ಚುವುದು, ನಾನು ನೋಡುವುದು. ಪ್ರೆಸ್ಸಿನವರೆಲ್ಲ ಬಂದು ಹೋದರು ನಮ್ಮ ಮಾತಿನಲ್ಲಿ, ಯಜಮಾನರ ಕೆಮ್ಮು ಕೂಡ ಬಂತು. ಕಾಗದದ ಗೋದಾಮಿನ ಬಾಗಿಲ ತನಕ ಬಂದು ಇಬ್ಬರೂ ತಿರುಗಿಬಿಡುತ್ತಿದ್ದೆವು.

ನಾಲ್ಕನೆಯ ದಿನ ಊಟವಾದ ಮೇಲೆ ಕುರ್ಚಿಯಲ್ಲಿ ಕೂತಿದ್ದ ಹಾಗೇ ನನಗೆ ನಿದ್ದೆ ಹತ್ತಿತು. ನಿದ್ದೆಯಲ್ಲಿ ನಾನು, ಗಂಟೆ ಹೊಡೆದ ಹಾಗೆ ಸ್ಪಷ್ಟವಾಗಿ, "ಪ್ರಯಾಣಿಕರು ಮುಂದಿನ ನಿಲ್ದಾಣದಲ್ಲಿ ಹಸು ಬದಲಾಯಿಸತಕ್ಕದ್ದು" ಎಂದೆನಂತೆ. ನಿಮ್ಮಿಬ್ಬರ ನಗುವಿಗೇ ನನಗೆ ಎಚ್ಚರವಾದದ್ದು. ಕಣ್ಣು ಬಿಟ್ಟರೆ ಮೀನು ಆಗಲೇ ಕುರ್ಚಿಯಿಂದ ಜಾರುತ್ತಿದ್ದಳು. "ಏನಂದೆ ನಾನು?" ಎಂದು ಕೇಳಿದೆ. ನೀನು ಹೇಳಿದೆ. ಹೇಳಬಾರದಿತ್ತು. ನಾನೂ ಹೋದೆ.

ಇಪ್ಪತ್ತು ವರ್ಷದಲ್ಲಿ ಅಷ್ಟು ಚೆನ್ನಾಗಿ ನಾನು ಬಿದ್ದದ್ದಿಲ್ಲ.

ನಿನ್ನವರು ಓಡಿಬಂದದ್ದು ಕೇಳಿಸಿತು. "ಏನಾಯ್ತು? ಏನಾಯ್ತು ಇಬ್ರಿಗೂ?" ಎಂದರು. ನೀನು ನಮ್ಮಿಬ್ಬರ ನಡುವೆ ನೆಲದ ಮೇಲೆ ಕೂತು, ಒಂದು ಕೈ ಅವಳ ತಲೆಯ ಕೆಳಗೆ, ಒಂದು ಕೈ ನನ್ನ ತಲೆಯ ಕೆಳಗೆ ಕೊಟ್ಟು ಹೇಳಿದೆ, "ಏನಿಲ್ಲ ರೀ, ನಗ್ತಿದಾರೆ." ಅದನ್ನು ಕೇಳಿ ಮತ್ತೆ ನಗು ಬಂತು ನೋಡು, ಅದಕ್ಕೇ ನನಗೆ ಬೇಗ ಏಳಲಾಗಲಿಲ್ಲ. ಮೀನು ಎದ್ದಳು. ಅಪ್ಪನ ಜೊತೆ ಈಜುಕೊಳಕ್ಕೆ ಹೊರಡುವ ಹೊತ್ತಾಗಿತ್ತು, ಬಾಗಿಲು ಹಾಕಿಕೊಂಡ ಸದ್ದಾಯಿತು. ಮನೆಯಲ್ಲಿ ನಾವಿಬ್ಬರೇ ಉಳಿದೆವು. ನಗು ನಿಂತಿತ್ತು. ಮೈ ಮಾತ್ರ ಇನ್ನೂ ನನ್ನದಾಗಿರಲಿಲ್ಲ.

ಆಗ ನೀನು ನನ್ನ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡು, ಬಗ್ಗಿ, ಕಿವಿಯ ಹತ್ತಿರ ಅಂದೆ, "ಕೇಳಿಸ್ತಿದೆ ಅಲ್ವಾ? ಹಾಗಿದ್ರೆ ಕೇಳು."

ನರ್ಸು ಅವಳನ್ನು ನಿನ್ನ ಕೈಗೆ ಕೊಟ್ಟಾಗ ಅವಳು ಬೆಚ್ಚಗಿದ್ದಳು ಎಂದೆ. ಹಣೆಯ ಮೇಲೆ ಕೂದಲು ಒದ್ದೆಯಾಗಿ ಅಂಟಿಕೊಂಡಿತ್ತು. ಬೆಳಿಗ್ಗೆ ಹುಟ್ಟಿದವಳು ಮಧ್ಯಾಹ್ನದವರೆಗೆ ಇದ್ದಳು. ಹೋಗುವ ಸ್ವಲ್ಪ ಮೊದಲು ಆಕಳಿಸಿದಳು, ಬಾಯಿ ಪೂರ್ತಿ ತೆರೆದು, ಮುಷ್ಟಿ ಬಿಗಿದು, ಒಂದೇ ಸಲ. ನೀನು ನರ್ಸಿಗೆ ಹೇಳಿದೆ. "ಅಷ್ಟು ಎಳೇ ಕೂಸು ಆಕಳಿಸಲ್ಲಮ್ಮ, ನಿಮಗೆ ಹಾಗನ್ಸಿರ್ಬೇಕು" ಎಂದಳಂತೆ. ಅಂದಿನಿಂದ ಯಾರಿಗೂ ಹೇಳಲಿಲ್ಲ ಎಂದೆ. ಮಗುವಿನ ಬಗ್ಗೆ ನಿನ್ನ ಹತ್ತಿರ ಇದ್ದದ್ದು ಅದೊಂದೇ. ಅದೂ ನಿನ್ನ ಭ್ರಮೆ ಎಂದಾಗಿಬಿಟ್ಟರೆ ಏನೂ ಉಳಿಯುವುದಿಲ್ಲವೆಂಬ ಹೆದರಿಕೆ. "ನಿನಗೆ ಹೇಳೋಕೆ ಅಂತಾನೇ ಅವತ್ತು ಕರ್ಕೊಂಡು ಹೋಗಿದ್ದು. ನಾನು ನೋಡಿದ್ದು ನಿಜಾನಾ ಅಂತ ಕೇಳೋಕೆ" ಎಂದೆ.

ನನಗೆ ಮೈ ಬರುವಷ್ಟರಲ್ಲಿ ನೀನು ಎದ್ದು ಒಲೆಯ ಮೇಲೆ ಚಹಾಕ್ಕೆ ಇಟ್ಟಿದ್ದೆ. ನಾನು ಮಾತೆತ್ತಿದರೆ, "ಸಕ್ಕರೆ ಎಷ್ಟು ಹಾಕ್ಲಿ?" ಎಂದು ಕೇಳಿದೆ. ಸರಿ, ಈಗ ಬೇಡವೆಂದುಕೊಂಡು ಒಂದು ಚಮಚ ಸಾಕೆಂದೆ. ನಿಜವೋ ಅಲ್ಲವೋ ಗೊತ್ತಿಲ್ಲದೆ ಸಮಾಧಾನ ಹೇಳುವುದು ನನಗೂ ಬೇಕಿರಲಿಲ್ಲ.

ನಿನ್ನೆ ನನ್ನ ಡಾಕ್ಟರನ್ನು ಕೇಳಿದೆ. ಗುಳಿಗೆಯ ವಿಷಯ ಮುಗಿದ ಮೇಲೆ ಕೇಳಿದೆ, ಆಗಷ್ಟೇ ಹುಟ್ಟಿದ ಕೂಸು ಆಕಳಿಸುತ್ತದೆಯೇ ಎಂದು. ಅವರಿಗೆ ನನ್ನ ಪ್ರಶ್ನೆಯೇ ವಿಚಿತ್ರವೆನ್ನಿಸಿತು. "ಹುಟ್ಟಿದ ಮೇಲೇನು, ಹೊಟ್ಟೇಲಿರೋವಾಗ್ಲೇ ಆಕಳಿಸ್ತವೆ. ಸ್ಕ್ಯಾನ್‌ನಲ್ಲೇ ಕಾಣತ್ತೆ. ಯಾಕೆ ಕೇಳ್ತೀರಿ?" ಎಂದರು. ನನ್ನ ಗೆಳತಿಯ ಮಗಳ ವಿಷಯ ಎಂದೆ.

ಆಕಳಿಸಿದಳು ಕಣೇ. ನೀನು ನೋಡಿದ್ದು ನಿಜ.

ನಿನ್ನ
ಮಂಪರು